ಲೆಕ್ಕಕ್ಕೆ ಸಿಗದ ಹೊಲಿಗೆ

ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಹೊಲಿಗೆಯಂತ್ರ ಈಗ ಪೀಠೋಪಕರಣಗಳ ಸಾಲಿಗೆ ಸೇರಿದೆ. ಅದರ ಮೇಲೊಂದು ಹೊದಿಕೆ, ಹೊದಿಕೆಯ ಮೇಲೆ ಹೂದಾನಿ. ಬೆಲ್ಟು ತುಂಡಾಗಿ ಎಷ್ಟು ವರ್ಷಗಳಾದವೆಂಬುದು ಮನೆಯವರಿಗೇ ನೆನಪಿರುವುದಿಲ್ಲ. ಒಂದು ತಲೆಮಾರಿನ ಹಿಂದೆ ಇದೇ ಯಂತ್ರ ವರ್ಷವಿಡೀ ದುಡಿಯುತ್ತಿತ್ತು. ಮಗುವಿನ ಅಂಗಿ, ಶಾಲೆಯ ಸಮವಸ್ತ್ರ, ರವಿಕೆ, ಒಳಲಂಗ, ದಿಂಬಿನ ಗವಸು ಎಲ್ಲವೂ ಅದರಿಂದಲೇ ಬರಬೇಕಿತ್ತು. ಅಂಗಡಿಯ ಸಿದ್ಧ ಉಡುಪು ಎಂದರೆ ಹಬ್ಬಕ್ಕೋ ಮದುವೆಗೋ ಮೀಸಲಾದ ದುಂದುವೆಚ್ಚ.

ಈ ಬದಲಾವಣೆಯ ಕಾರಣ ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ನಾಲ್ಕು ವರ್ಷದ ಮಗುವಿನ ಫ್ರಾಕಿಗೆ ಒಳ್ಳೆಯ ಹತ್ತಿ ಬಟ್ಟೆ, ಒಳಗಿನ ಲೈನಿಂಗು, ದಾರ, ಗುಂಡಿ ಕೊಳ್ಳುವಷ್ಟರಲ್ಲಿ ಆಗುವ ವೆಚ್ಚಕ್ಕೆ ಸಿದ್ಧ ಫ್ರಾಕೇ ದೊರೆಯುತ್ತದೆ. ಹೊಲಿಯುವವಳ ನಾಲ್ಕೈದು ಗಂಟೆಗಳಿಗೆ ಕೂಲಿ ಕಟ್ಟಿದರಂತೂ ಮನೆಯ ಫ್ರಾಕು ಮಾಲ್‌ನ ಫ್ರಾಕಿಗಿಂತ ದುಬಾರಿ. ಮನೆಹೊಲಿಗೆ ಮಿತವ್ಯಯವೆಂಬ ಹಳೆಯ ಸಮರ್ಥನೆ ಇಂದು ನಿಲ್ಲುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಏಕೆಂದರೆ ನಾನು ಸೇವೆಯಲ್ಲಿದ್ದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನನ್ನ ರವಿಕೆಗಳನ್ನೂ ಮಗಳ ಉಡುಪುಗಳನ್ನೂ ಬಹುಮಟ್ಟಿಗೆ ನಾನೇ ಹೊಲಿದುಕೊಂಡವಳು. ಸಹೋದ್ಯೋಗಿಗಳು ಇದನ್ನು ಜಿಪುಣತನವೆಂದು ತಿಳಿದಿದ್ದರು; ನಾನು ತಿದ್ದಲು ಹೋಗಲಿಲ್ಲ.

ಈ ಹೊಲಿಗೆಯನ್ನು ನಮ್ಮ ಲೆಕ್ಕಶಾಸ್ತ್ರ ಹೇಗೆ ಕಾಣುತ್ತದೆ ಎಂಬುದು ಸ್ವಾರಸ್ಯಕರ. ರಾಷ್ಟ್ರೀಯ ವರಮಾನವನ್ನು ಅಳೆಯಲು ವಿಶ್ವಸಂಸ್ಥೆ ಮತ್ತಿತರ ಸಂಸ್ಥೆಗಳು ರೂಪಿಸಿದ 1993ರ ಮತ್ತು 2008ರ ನಿಯಮಾವಳಿಗಳ ಪ್ರಕಾರ, ಕುಟುಂಬ ತನ್ನ ಬಳಕೆಗೆ ತಾನೇ ತಯಾರಿಸಿದ ಸರಕು ಉತ್ಪಾದನೆಯ ಎಲ್ಲೆಯೊಳಗೆ ಬರುತ್ತದೆ. ಉಡುಪು ಹೊಲಿಯುವುದನ್ನು ಅಲ್ಲಿ ಹೆಸರಿಸಿಯೇ ಹೇಳಲಾಗಿದೆ. ಕುಟುಂಬಕ್ಕಾಗಿ ಸಂಬಳವಿಲ್ಲದೆ ಮಾಡುವ ಅಡುಗೆ, ಶಿಶುಪಾಲನೆ ಮೊದಲಾದ ಸೇವೆಗಳು ಎಲ್ಲೆಯ ಹೊರಗೆ. ಅಂದರೆ ತಾಯಿ ಮಗುವಿಗೆ ಅಂಗಿ ಹೊಲಿದರೆ ಸರಕಿನ ಉತ್ಪಾದನೆ. ಅದೇ ಅಂಗಿ ಹರಿದಾಗ ತೇಪೆ ಹಾಕಿದರೆ ಮನೆಯ ಸೇವೆ. ಸೂಜಿ ಅದೇ, ದಾರ ಅದೇ, ಕೈಯೂ ಅದೇ. ಪ್ರಮಾಣ ಗಣನೀಯವಾಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಷರತ್ತೂ ಉಂಟು.

ನಮ್ಮ ದೇಶದ ಉದ್ಯೋಗ ಸಮೀಕ್ಷೆಗಳು ಇನ್ನೊಂದು ದಾರಿ ಹಿಡಿದವು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ನಮೂನೆಗಳಲ್ಲಿ ಮನೆಗೆಲಸ ಮಾತ್ರ ಮಾಡುವವರಿಗೆ 92 ಎಂಬ ಸಂಕೇತ. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು ತರುವ, ಮನೆಬಳಕೆಗೆ ಹೊಲಿಗೆ, ನೇಯ್ಗೆ ಮಾಡುವವರಿಗೆ 93. ಎರಡೂ ವರ್ಗದವರು ಶ್ರಮಶಕ್ತಿಯ ಹೊರಗೆ. ಹೊಲಿದ ವಸ್ತು ತಾತ್ವಿಕವಾಗಿ ರಾಷ್ಟ್ರೀಯ ಉತ್ಪಾದನೆಯ ಭಾಗ, ಹೊಲಿದವಳು ಮಾತ್ರ ದುಡಿಯುವವರ ಪಟ್ಟಿಯಲ್ಲಿಲ್ಲ!

ಎಂಬತ್ತರ ದಶಕದ ಕೊನೆಯಲ್ಲಿ ಧಾರವಾಡ ಜಿಲ್ಲೆಯ ಒಂದು ಹಳ್ಳಿಗೆ ಇಂಥ ಸಮೀಕ್ಷೆಯ ಪರಿಶೀಲನೆಗೆ ಹೋಗಿದ್ದೆ. ಮನೆಯೊಡತಿ ಪಡಸಾಲೆಯಲ್ಲಿ ಯಂತ್ರದ ಮುಂದೆ ಕುಳಿತು ಮಗನ ಶಾಲೆಯ ಚಡ್ಡಿಗೆ ಜೇಬು ಕೂರಿಸುತ್ತಿದ್ದಳು. ‘ನೀವೇನ ಕೆಲಸಾ ಮಾಡತೀರಿ ಅಕ್ಕಾರ?’ ಎಂದು ನಮ್ಮ ಗಣತಿದಾರ ಕೇಳಿದ. ಕಾಲು ನಿಲ್ಲಿಸದೆ, ತಲೆಯೆತ್ತದೆ ಆಕೆ ಹೇಳಿದ್ದು: ‘ಕೆಲಸಾ ಏನಿಲ್ರಿ, ಮನ್ಯಾಗ ಇರತೀನಿ.’ ಗಣತಿದಾರ 93 ಎಂದು ಬರೆದ. ನಿಯಮದ ಪ್ರಕಾರ ಅದು ಸರಿಯಾದ ನಮೂದು. ನಾನು ಸಹಿ ಹಾಕಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಜೇಬಿನ ಒಂದು ಬದಿ ಮುಗಿದಿತ್ತು.

2019ರಲ್ಲಿ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆ ಮೊದಲ ಬಾರಿಗೆ ನಡೆಯಿತು, 2024ರಲ್ಲಿ ಮತ್ತೊಮ್ಮೆ. ಅದಕ್ಕೂ ಮೊದಲು 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದಿತ್ತು. ಅವುಗಳಲ್ಲಿ ಕರ್ನಾಟಕ ಇರಲಿಲ್ಲ. ಅಂತರರಾಷ್ಟ್ರೀಯ ಶ್ರಮ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ 2013ರಲ್ಲಿ ಸ್ವಂತ ಬಳಕೆಗಾಗಿ ಮಾಡುವ ಉತ್ಪಾದನೆಯನ್ನು ‘ಕೆಲಸ’ವೆಂದು ಒಪ್ಪಿತು, ಉದ್ಯೋಗವೆಂದು ಮಾತ್ರ ಒಪ್ಪಲಿಲ್ಲ. ಇಷ್ಟಾದರೂ ಮುನ್ನಡೆಯೇ.

ಲೆಕ್ಕದಲ್ಲಿ ಕಾಣದ ಸಂಗತಿ ಯಾವುದು ಎಂಬುದನ್ನು ತಿಳಿಯಲು ಬಟ್ಟೆಯ ಬಳಿಗೇ ಹೋಗಬೇಕು. ನನ್ನ ತಾಯಿ ಮಕ್ಕಳ ಲಂಗಕ್ಕೆ ಬಟ್ಟೆ ಕತ್ತರಿಸುವ ಮೊದಲು ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸುತ್ತಿದ್ದರು. ಹತ್ತಿ ಕುಗ್ಗುವುದಿದ್ದರೆ ಕತ್ತರಿಗೆ ಮೊದಲೇ ಕುಗ್ಗಲಿ ಎಂದು. ಉದ್ದವನ್ನು ಅಗತ್ಯಕ್ಕಿಂತ ಒಂದು ಗೇಣು ಹೆಚ್ಚಿಗೆ ಇಟ್ಟು, ಹೆಚ್ಚಾದುದನ್ನು ಅಂಚಿನ ಮೇಲೆ ಮೂರು ಮಡಿಕೆಗಳಾಗಿ ಹೊಲಿಯುತ್ತಿದ್ದರು. ನೋಡುವವರಿಗೆ ಅದು ಅಲಂಕಾರ. ಯುಗಾದಿಗೆ ಒಂದು ಮಡಿಕೆ ಬಿಚ್ಚಿದರೆ ಮಗುವಿನೊಡನೆ ಲಂಗವೂ ಬೆಳೆಯುತ್ತಿತ್ತು. ಬಿಚ್ಚಿದ ಕಡೆ ಬಣ್ಣ ಮಾಸದೆ ಉಳಿದ ಗೆರೆಯನ್ನು ಮುಚ್ಚಲು ರಿಬ್ಬನ್ನು. ಪಕ್ಕದ ಹೊಲಿಗೆಯೊಳಗೂ ಅರ್ಧ ಅಂಗುಲ ಬಟ್ಟೆ ಬಿಟ್ಟಿರುತ್ತಿದ್ದರು. ಇಂದಿನ ಸಿದ್ಧ ಉಡುಪನ್ನು ತಿರುವಿ ಹಾಕಿ ನೋಡಿ. ಓವರ್‌ಲಾಕ್ ಯಂತ್ರ ಒಳಬಟ್ಟೆಯನ್ನು ಹೊಲಿಗೆಯ ಅಂಚಿನವರೆಗೆ ಕತ್ತರಿಸಿರುತ್ತದೆ. ಬಟ್ಟೆಯಲ್ಲಿ ಆಗುವ ಎಳ್ಳಷ್ಟು ಉಳಿತಾಯ ಲಕ್ಷಾಂತರ ಅಂಗಿಗಳಲ್ಲಿ ಭಾರಿ ಮೊತ್ತವಾದೀತು. ಆದರೆ ಆ ಅಂಗಿ ಮುಂದಿನ ವರ್ಷದ ಮಗುವನ್ನು ಎಣಿಸಿ ಹೊಲಿದದ್ದಲ್ಲ.

ನವಜಾತ ಶಿಶುವಿನ ಅಂಗಿಯಲ್ಲಿ ಈ ವಿವೇಕ ಇನ್ನೂ ಸ್ಪಷ್ಟ. ಹೊಸ ಬಟ್ಟೆಯ ಗಂಜಿ ಎಳೆಯ ಚರ್ಮಕ್ಕೆ ಒರಟೆಂದು ಒಗೆದೊಗೆದು ಮೆತ್ತಗಾದ ಪಂಚೆಯನ್ನೇ ಕತ್ತರಿಸುವುದು, ಗುಂಡಿಯ ಬದಲು ಲಾಡಿ ಇಡುವುದು, ಹೊಲಿಗೆಯ ಅಂಚು ಮೈಗೆ ತಾಗದಂತೆ ಹೊರಮುಖವಾಗಿ ಬಿಡುವುದು. ಕುಲಾವಿ, ಕುಂಚಿಗೆಗಳೂ ಹೀಗೆಯೇ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳಲ್ಲಿ ತೊಟ್ಟಿಲಿನ ಅಳತೆಯವೂ ಇವೆ. ಅವನ್ನು ಇಂದು ವಸ್ತುಪ್ರದರ್ಶನಗಳಲ್ಲಿ ಚೌಕಟ್ಟು ಹಾಕಿ ತೂಗುಹಾಕುವವರಿದ್ದಾರೆ. ಮಗು ಮಲಗುವ ವಸ್ತುವನ್ನು ಗೋಡೆಗೆ ಏರಿಸುವುದು ನನಗೇಕೋ ಒಗ್ಗದು.

ಹೊಲಿಗೆಗಿಂತ ಉಣ್ಣೆಯ ಹೆಣಿಗೆ ಹೆಚ್ಚು ಕ್ಷಮಾಶೀಲ. ಕತ್ತರಿಸಿದ ಬಟ್ಟೆ ಮತ್ತೆ ಕೂಡದು. ಹೆಣೆದ ಸ್ವೆಟರನ್ನು ಎಳೆ ಹಿಡಿದು ಪೂರ್ತಿ ಬಿಚ್ಚಬಹುದು. ಬಿಚ್ಚಿದ ಉಣ್ಣೆ ಸುರುಳಿಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಕಟ್ಟಿ, ಒಗೆದು ನೇತುಹಾಕಿದರೆ ನೆಟ್ಟಗಾಗುತ್ತದೆ. ಮಗಳ ಎರಡನೆಯ ವರ್ಷದ ಸ್ವೆಟರು ಹೀಗೆ ಬಿಚ್ಚಿ, ಬೇರೆ ಬಣ್ಣದ ಒಂದು ಉಂಡೆ ಸೇರಿ, ಪಟ್ಟೆಪಟ್ಟೆಯಾಗಿ ಐದನೆಯ ವರ್ಷಕ್ಕೂ ಬಂತು. ಆ ಕಾಲದ ಸರ್ಕಾರಿ ಕಚೇರಿಗಳಲ್ಲಿ ಚಳಿಗಾಲದ ಮಧ್ಯಾಹ್ನಗಳಲ್ಲಿ ಕಡ್ಡಿಗಳ ಸದ್ದು ಕೇಳುತ್ತಿದ್ದುದು ನಿಜ. ಸಿಗರೇಟು ಸೇದಲು ಹೊರಗೆ ಹೋದ ಪುರುಷ ನೌಕರರ ಬಗೆಗೆ ಯಾರೂ ನಗೆಚಿತ್ರ ಬರೆಯಲಿಲ್ಲವೆಂಬುದೂ ನಿಜ.

ಹಾಗೆಂದು ಇದನ್ನೆಲ್ಲ ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ನನ್ನ ತಾಯಿಗೆ ಹೊಲಿಗೆ ಆಯ್ಕೆಯಾಗಿರಲಿಲ್ಲ. ಐದು ಮಕ್ಕಳು, ಒಂದು ಸಂಬಳ, ದಸರೆಗೆ ಮೊದಲಿನ ಹದಿನೈದು ರಾತ್ರಿಗಳ ನಿದ್ದೆಗೇಡು. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುವುದು ನಮ್ಮ ಪಾಲಿನ ಕೆಲಸ. ಆಕೆಗೆ ಸಿದ್ಧ ಉಡುಪು ಸಿಕ್ಕಿದ್ದರೆ ಕೈಮುಗಿದು ಸ್ವೀಕರಿಸುತ್ತಿದ್ದರು. ನಾನು ಹೊಲಿದದ್ದು ಸಂಬಳ ಕೈಯಲ್ಲಿದ್ದುಕೊಂಡು. ಅರ್ಥಶಾಸ್ತ್ರದಲ್ಲಿ ಶ್ರಮವನ್ನು ಬರಿಯ ವೆಚ್ಚವೆಂದು ಎಣಿಸುವುದು ವಾಡಿಕೆ. ಆಯ್ದುಕೊಂಡ ಶ್ರಮ ಒಂದು ಬಗೆಯ ಅನುಭೋಗವೂ ಆಗಿರಬಹುದು, ಸಂಗೀತ ಕೇಳಿದ ಹಾಗೆ. ಮಗಳ ಭುಜದ ಅಳತೆ ಈ ವರ್ಷ ಎಷ್ಟು ಬೆಳೆದಿದೆ ಎಂಬುದು ನನಗೆ ಅಂಗುಲದ ಲೆಕ್ಕದಲ್ಲಿ ಗೊತ್ತಿರುತ್ತಿತ್ತು. ದಿನವಿಡೀ ಕಡತಗಳ ನಡುವೆ ಇದ್ದವಳಿಗೆ ಅದು ಸಣ್ಣ ಸಂಗತಿಯಲ್ಲ.

ಯಂತ್ರ ನಾಗರಿಕತೆಯ ಕಟು ಟೀಕಾಕಾರರಾಗಿದ್ದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಕೈಹೊಲಿಗೆಯಲ್ಲಿ ಬಳಲುತ್ತಿದ್ದ ಪತ್ನಿಯ ಮೇಲಣ ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದನೆಂದು ಅವರು ನಂಬಿದ್ದರು. 1851ರಲ್ಲಿ ಪೇಟೆಂಟು ಪಡೆದ ಐಸಾಕ್ ಸಿಂಗರನ ಹಲವು ಸಂಸಾರಗಳ ಕಥೆ ಬಲ್ಲವರು ಇಲ್ಲಿ ಮುಗುಳ್ನಗಬಹುದು. ಆದರೆ ಗಾಂಧೀಜಿಯ ಒರೆಗಲ್ಲು ತಪ್ಪಾಗಿರಲಿಲ್ಲ: ಯಂತ್ರ ದುಡಿಯುವವಳ ಆಯಾಸ ಇಳಿಸುತ್ತದೆಯೋ, ಅವಳನ್ನೇ ಯಂತ್ರದ ಭಾಗವಾಗಿಸುತ್ತದೆಯೋ?

ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳುವುದು ಸೂಕ್ತ. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವುದನ್ನು ನಿರ್ಬಂಧಿಸುವ ನಿಯಮದ ವಿರುದ್ಧ ಅವರು ಬೀದಿಗಿಳಿದು ನಗರದ ಸಂಚಾರವನ್ನೇ ನಿಲ್ಲಿಸಿದಾಗ, ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ನಮ್ಮ ಅಂಗಿ ಅಗ್ಗವಾಗಿರುವುದರಲ್ಲಿ ಅವರ ಪಾಲಿದೆ. 2013ರಲ್ಲಿ ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ ಆ ಅಗ್ಗದ ಬೆಲೆ ಜಗತ್ತಿಗೇ ಕಂಡಿತ್ತು. ಒಂದು ಕಾಲರನ್ನು ಸುಕ್ಕಿಲ್ಲದೆ ಕೂರಿಸಲು ಎಷ್ಟು ಹೊತ್ತು ಬೇಕೆಂದು ಸ್ವತಃ ಹೊಲಿದವರಿಗೆ ಗೊತ್ತು. ಮೂರು ಅಂಗಿ ಒಂದರ ಬೆಲೆಗೆ ಎಂಬ ಫಲಕ ಅಂಥವರನ್ನು ಅಷ್ಟು ಸುಲಭವಾಗಿ ಸೆಳೆಯದು.

ಸರ್ಕಾರ ಉಚಿತ ಹೊಲಿಗೆಯಂತ್ರ ಹಂಚುವುದು ಹಳೆಯ ರೂಢಿ; 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ. ಯಂತ್ರದ ಜೊತೆಗೆ ಕತ್ತರಿಯ ವಿದ್ಯೆಯನ್ನೂ ಕೊಡಬೇಕೆಂಬುದು ನನ್ನ ಆಗ್ರಹ. ಬಟ್ಟೆ ಕತ್ತರಿಸಲು ಬಾರದವಳು ಇನ್ನೊಬ್ಬರು ಕತ್ತರಿಸಿ ಕೊಟ್ಟದ್ದನ್ನಷ್ಟೇ ಹೊಲಿಯಬಲ್ಲಳು. ಹಿಂದೆ ಹೆಣ್ಣುಮಕ್ಕಳಿಗಿದ್ದ ಹೊಲಿಗೆಯ ತರಗತಿಯನ್ನು ಗಂಡುಮಕ್ಕಳಿಗೂ ಸೇರಿಸಿ ಶಾಲೆಗಳಲ್ಲಿ ಮತ್ತೆ ತೆರೆದರೆ ನಷ್ಟವೇನೂ ಇಲ್ಲ.

ನಮ್ಮ ಮನೆಗೆಲಸಕ್ಕೆ ಬರುವಾಕೆಯ ಸೊಸೆ ಎಂಟು ವರ್ಷಗಳಿಂದ ‘ಗಾರ್ಮೆಂಟ್ಸ್‌’ಗೆ ಹೋಗುತ್ತಾಳೆ. ಅವಳ ಕೆಲಸ ಎಡತೋಳು ಕೂರಿಸುವುದು. ದಿನಕ್ಕೆ ನೂರಾರು ಎಡತೋಳು. ಯಂತ್ರದ ಮೇಲೆ ಅವಳ ಕೈ ಓಡುವ ವೇಗ ನನಗೆ ಈ ಜನ್ಮದಲ್ಲಿ ಬಾರದು. ಮಗಳಿಗೊಂದು ಫ್ರಾಕು ಹೊಲಿಯಬೇಕು, ಕತ್ತರಿಸುವುದನ್ನು ಹೇಳಿಕೊಡಿ ಅಮ್ಮಾ ಎಂದು ಕಳೆದ ಬೇಸಿಗೆಯಲ್ಲಿ ಬಂದಳು. ಹಳೆಯ ಫ್ರಾಕಿನ ಹೊಲಿಗೆ ಬಿಚ್ಚಿ, ಅದನ್ನು ದಿನಪತ್ರಿಕೆಯ ಹಾಳೆಯ ಮೇಲಿಟ್ಟು ಗೆರೆ ಎಳೆಯುವುದರಿಂದ ಪ್ರಾರಂಭಿಸಿದೆವು. ಮೊದಲ ಭಾನುವಾರ ಕತ್ತರಿ ಹಿಡಿದು ತುಂಬ ಹೊತ್ತು ಬಟ್ಟೆಯನ್ನೇ ನೋಡುತ್ತ ಕುಳಿತಳು. ಮೂರನೆಯ ಭಾನುವಾರ ಫ್ರಾಕು ಮುಗಿಯಿತು. ಕೆಳಗೆ ಎರಡು ಮಡಿಕೆ ಬಿಟ್ಟಿದ್ದಾಳೆ. ಮಿಕ್ಕ ಬಟ್ಟೆಯಲ್ಲಿ ತನಗೊಂದು ರವಿಕೆ ಆದೀತೇ ಎಂದು ಕೇಳಿದಳು. ತೋಳು ಸ್ವಲ್ಪ ಗಿಡ್ಡ ಮಾಡಿದರೆ ಆಗುತ್ತದೆ ಎಂದೆ.