ಬೀಗ ಇರೋದು ದಾರಿಗೆ, ಮನೆಗಲ್ಲ!

ವಿಜಯಪುರದ ಗೋಲಗುಮ್ಮಟ ಹತ್ತಿದವರಿಗೆ ಗೊತ್ತು. ಈ ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಬದಿಯಲ್ಲಿ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತೆ. ಒಂದು ಕಾಲದಲ್ಲಿ ನಮ್ಮ ಇಮೇಲ್ ಪಾಸ್‌ವರ್ಡ್ ಹೋಗ್ತಿದ್ದದ್ದೂ ಹೀಗೇ. ನಡುವೆ ಕಿವಿಗೊಟ್ಟವನಿಗೆಲ್ಲ ಕೇಳಿಸ್ತಿತ್ತು.

ತಿಕೋಟಾದಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರರು ನನ್ನನ್ನು ಕೇಳಿದರು: "ಅಲ್ರೀ ಸರ, ಈಗ ಮೇಲ್‌ಗೆ ಬೀಗ ಐತಿ ಅಂತೀರಿ. ಮತ್ತ ಪಾಸ್‌ವರ್ಡ್ ಹೆಂಗ ಕಳುವಾಗ್ತದ್ರೀ?"

ಒಳ್ಳೆಯ ಪ್ರಶ್ನೆ. ಕಂಪ್ಯೂಟರ್‌ನಲ್ಲಿರುವ ಮೇಲ್ ತಂತ್ರಾಂಶ ಪ್ರತಿ ಸಲ ಟಪಾಲು ತರಲು ಹೋದಾಗಲೂ ಸರ್ವರ್‌ಗೆ ನಿಮ್ಮ ಗುರುತು ತೋರಿಸಬೇಕು. ಹಳೆಯ ಪಾಪ್ ಪದ್ಧತಿಯ 110ನೇ ಪೋರ್ಟ್‌ನಲ್ಲಿ, ಐಮ್ಯಾಪ್‌ನ 143ರಲ್ಲಿ ಬೀಗವಿಲ್ಲದೆ ಹೋದರೆ ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತೆ. 995 ಮತ್ತು 993ರಲ್ಲಿ ಹಾಗಲ್ಲ. ಮೊದಲು ಗುಪ್ತ ದಾರಿ ಸಿದ್ಧವಾಗುತ್ತೆ, ಆಮೇಲಷ್ಟೇ ಪಾಸ್‌ವರ್ಡ್ ಹೊರಡುತ್ತೆ.

ಆದರೆ ಗಮನಿಸಿ, ಬೀಗ ಇರೋದು ದಾರಿಗೆ ಮಾತ್ರ. ಮತ್ತೆ ಮತ್ತೆ ತೋರಿಸಬೇಕಲ್ಲ, ಅದಕ್ಕೇ ತಂತ್ರಾಂಶ ಆ ಪಾಸ್‌ವರ್ಡನ್ನು ಕಂಪ್ಯೂಟರ್‌ನಲ್ಲೇ ಉಳಿಸಿಕೊಂಡಿರುತ್ತೆ. ಬಬಲೇಶ್ವರದ ಅಂಗಡಿಯೊಂದರ ಕಂಪ್ಯೂಟರ್‌ನಲ್ಲಿ ನಿಮ್ಮ ಮೇಲ್ ಜೋಡಿಸಿ ಎದ್ದು ಬಂದ್ರಿ ಅಂದ್ರೆ, ತಿಜೋರಿಗೆ ಬೀಗ ಹಾಕಿ ಕೀಲಿ ಅದರ ಮೇಲೇ ಇಟ್ಟು ಬಂದಹಾಗೆ. ಇನ್ನೊಂದು ಮಾತು: "ಈ ಸರ್ಟಿಫಿಕೇಟ್ ನಂಬಲರ್ಹವಲ್ಲ" ಅಂತ ಎಚ್ಚರಿಕೆ ಬಂದಾಗ ಕಣ್ಣುಮುಚ್ಚಿ ಓಕೆ ಒತ್ತಬೇಡಿ. ಆ ತುದಿಯಲ್ಲಿ ಕೂತವನು ಕಳ್ಳನೇ ಆಗಿದ್ದರೆ ಗುಪ್ತ ದಾರಿ ನೇರ ಅವನ ಮನೆಗೇ ಹೋಗುತ್ತೆ.

ಹೋದರೆ ಹೋಗೋದು ಬರೀ ಪತ್ರವಲ್ಲ. ನಿಮ್ಮ ಹೆಸರಲ್ಲೇ ವ್ಯಾಪಾರಿಗೆ "ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಒಂದು ಮೇಲ್ ಹೋದರೆ ಸಾಕು, ವರ್ಷದ ಒಣದ್ರಾಕ್ಷಿ ದುಡ್ಡು ಬೇರೆಯವನ ಪಾಲು.

ಹಾಗಾದ್ರೆ ಏನು ಮಾಡೋದು? 2022ರ ಮೇ 30ರಿಂದ ಗೂಗಲ್, ಬರೀ ಖಾತೆಯ ಪಾಸ್‌ವರ್ಡ್ ಕೊಟ್ಟು ಮೇಲ್ ತರುವ ಹಳೆಯ ತಂತ್ರಾಂಶಗಳಿಗೆ ಬಾಗಿಲು ಮುಚ್ಚುತ್ತಾ ಬಂತು. ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ ಅಂಥ ತಂತ್ರಾಂಶಕ್ಕೇ ಅಂತ 16 ಅಕ್ಷರದ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಸಿಗುತ್ತೆ. ಆ ಕಂಪ್ಯೂಟರ್ ಮೇಲೆ ಸಂಶಯ ಬಂತೋ, ಅದೊಂದನ್ನೇ ರದ್ದು ಮಾಡಿ. ಮನೆಯ ಮುಖ್ಯ ಕೀಲಿ ನಿಮ್ಮ ಜೇಬಲ್ಲೇ ಇರುತ್ತೆ. ಹಣ ಹೋಯ್ತು ಅಂತ ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ, ನಾಳೆ ಅನ್ನಬೇಡಿ.

ದಾರಿಗೆ ಬೀಗ ಹಾಕೋದು ಕಂಪನಿಯ ಕೆಲಸ. ಕೀಲಿ ಎಲ್ಲಿಡಬೇಕು ಅನ್ನೋದು ನಮ್ಮ ಕೆಲಸ. ಇವತ್ತೇ ಒಮ್ಮೆ ನೋಡಿಕೊಳ್ಳಿ.