ನದಿಯ ಎಲ್ಲೆ, ಮೀನಿನ ವಂಶ

ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೇಳುವ ಗೋದಾವರಿಯು ನಾಸಿಕ ಜಿಲ್ಲೆಯ ತ್ರ್ಯಂಬಕದಲ್ಲಿ ಹುಟ್ಟಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಹಾಯ್ದು ಹರಿಯುತ್ತದೆ, ದಕ್ಷಿಣದ ಎಲ್ಲೆ ಕಾವೇರಿ. ಸಾಹಿತ್ಯದ ಅಭ್ಯಾಸಿಗೆ ಇವೆರಡರ ನಡುವಣ ನೆಲವೆಲ್ಲ ಒಂದೇ ನಾಡು. ಸಿಹಿನೀರಿನ ಮೀನಿಗೆ ಹಾಗಲ್ಲ. ಒಂದು ನದಿಯ ಕೊಳ್ಳದಿಂದ ಇನ್ನೊಂದಕ್ಕೆ ಅದು ನೆಲ ದಾಟಿ ಹೋಗಲಾರದು. ಹೀಗೆ ದೀರ್ಘಕಾಲ ಅಗಲಿದ ಗುಂಪುಗಳಲ್ಲಿ ಆನುವಂಶಿಕ ಭೇದಗಳು ಸಂಚಯವಾಗುತ್ತವೆ. ‘ಮಾನಸೋಲ್ಲಾಸ’ದ ಕರ್ತೃ, ಕಲ್ಯಾಣದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ಕಡಲ ಮೀನನ್ನೂ ನದಿಯ ಮೀನನ್ನೂ ಬೇರ್ಪಡಿಸಿದ್ದನು. ಆ ವಿಂಗಡಣೆಗೆ ಇಂದಿನ ವಂಶವಾಹಿ ವಿಜ್ಞಾನವು ಬೇರೊಂದು ಅರ್ಥವನ್ನು ಒದಗಿಸಿದೆ: ಆಳಗಡಲಿನ ವಾಣಿಜ್ಯ ಮೀನಾದ ಆರೆಂಜ್ ರಫಿಯಲ್ಲಿ ಬಹುದೂರದ ಗುಂಪುಗಳ ನಡುವೆಯೂ ಭೇದ ಅತ್ಯಲ್ಪ.

ಈ ತತ್ತ್ವವನ್ನು ಅಲಕ್ಷಿಸಿದುದರ ಫಲವನ್ನು ಮಹಶೀರ್ ಮೀನಿನಲ್ಲಿ ಕಾಣಬಹುದು. ದಖ್ಖನಿನ ನೀಲಿ ರೆಕ್ಕೆಯ ಮಹಶೀರನ್ನು 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಬಳಿಯ, ಅಂದರೆ ಭೀಮಾ ಕೊಳ್ಳದ, ಮೀನನ್ನು ಆಧರಿಸಿ ವರ್ಣಿಸಿದರು. ಲೋಣಾವಳದ ಮತ್ಸ್ಯಕ್ಷೇತ್ರವೊಂದು ಇದನ್ನು ಕೃತಕವಾಗಿ ಮರಿಮಾಡಿಸುವುದರಲ್ಲಿ ಯಶಸ್ವಿಯಾಯಿತು. 1970ರ ದಶಕದಿಂದೀಚೆಗೆ ಆ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಉದ್ದೇಶ ಸಂರಕ್ಷಣೆಯೇ, ಸಂದೇಹವಿಲ್ಲ. ಆದರೆ ಕಾವೇರಿಗೆ ತನ್ನದೇ ಆದ ಮಹಶೀರಿತ್ತು: ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ, 50 ಕಿಲೋ ಮೀರಿ ಬೆಳೆಯಬಲ್ಲ ಮೀನು. 1873ರಿಂದಲೂ ಗಾಳಗಾರರ ಗ್ರಂಥಗಳಲ್ಲಿ ಪ್ರಸಿದ್ಧವಾಗಿದ್ದ ಅದಕ್ಕೆ ನಿಶ್ಚಿತ ಶಾಸ್ತ್ರೀಯ ಹೆಸರೇ ಇರಲಿಲ್ಲ ಎಂಬುದು ವಿಚಿತ್ರ! 2018ರಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ ಹಾಗೂ ದೇಹಲಕ್ಷಣಗಳ ಪರೀಕ್ಷೆಯಿಂದ ಅದು ‘ಟಾರ್ ರೆಮಾದೇವಿಯೈ’ ಎಂದು ಸ್ಥಿರಪಟ್ಟಿತು. ಅಷ್ಟರಲ್ಲಿ ಹೊರಗಿನ ಮೀನು ಕಾವೇರಿಯಲ್ಲಿ ಹಬ್ಬಿ, ಸ್ಥಳೀಯ ಮೀನು ಅತ್ಯಂತ ವಿರಳವಾಗಿತ್ತು. ಅದೇ ವರ್ಷ ಅದನ್ನು ‘ತೀವ್ರ ಅಪಾಯದಂಚಿನ’ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಅಣೆಕಟ್ಟೆಗಳು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಇವುಗಳ ಪಾಲೂ ಈ ಅವನತಿಯಲ್ಲಿದೆ; ಎಲ್ಲವನ್ನೂ ಮರಿಬಿತ್ತನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಸಮೀಪ ಸಂಬಂಧದ ಮೀನುಗಳು ಕೂಡಿದಲ್ಲಿ ಸಂಕರದ ಭಯ ತಪ್ಪದು. ಸ್ಥಳೀಯ ವಂಶ ಒಮ್ಮೆ ಬೆರೆತುಹೋದರೆ ಮರಳಿ ಬೇರ್ಪಡಿಸುವ ಉಪಾಯವಿಲ್ಲ.

ಗೋದಾವರಿಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಪೈಠಣದ ಬಳಿ 1976ರಲ್ಲಿ ಲೋಕಾರ್ಪಣೆಗೊಂಡ ಜಾಯಕವಾಡಿ ಅಣೆಕಟ್ಟೆಯು ಒಂದೇ ನದಿಯ ಮೀನುಗಳನ್ನು ಮೇಲಿನವು, ಕೆಳಗಿನವು ಎಂದು ತಡೆದು ನಿಲ್ಲಿಸಿದೆ. ವಂಶಭೇದಕ್ಕೆ ಐದು ದಶಕ ಸ್ವಲ್ಪವೇ ಕಾಲ. ಆದರೆ ಸಣ್ಣ ಗುಂಪಿನಲ್ಲಿ ವೈವಿಧ್ಯ ಕುಂದಲು ಹೆಚ್ಚು ತಲೆಮಾರು ಬೇಕಿಲ್ಲ. ಆದುದರಿಂದ ನಾಸಿಕದ ಕಡೆಯ ಜಲಾಶಯಗಳಿಗಾಗಲಿ ನಾಥಸಾಗರಕ್ಕಾಗಲಿ ಮರಿ ಬಿಡುವವರು ಮೊದಲು ಆ ನೀರಿನಲ್ಲಿರುವ ಮೀನಿನ ಡಿಎನ್‌ಎಯನ್ನು ಪರೀಕ್ಷಿಸಿ, ಅದೇ ಕೊಳ್ಳದ ತಾಯಿಮೀನುಗಳಿಂದಲೇ ಮರಿಮಾಡಿಸುವುದು ಯುಕ್ತ.