ಪುಡಿ ಸಿರಪ್ ಬಾಟಲಿ ಮೇಲಿನ ಗೆರೆ

ಹೋದ ದಸರಾ ರಜೆಗೆ ನಮ್ಮ ಕನ್ನಡ ಸಂಘದ ನಾಲ್ಕು ಜನ ಅರಸೀಕೆರೆಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಪೇಟೆಯಲ್ಲಿ ಮನೆ, ಬಾಣಾವರದ ಕಡೆ ಒಂದಿಷ್ಟು ತೆಂಗಿನ ತೋಟ. ಶಿವಾಲಯ ನೋಡೋದು, ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತೋದು, ಮಾರನೇ ದಿನ ಹಳೇಬೀಡು, ಬೇಲೂರು ಸುತ್ತೋದು ಅಂತ ಪ್ಲಾನು. ಮೊದಲ ರಾತ್ರೀನೇ ಪ್ಲಾನು ಕೆಟ್ಟಿತು. ಅವನ ಅಕ್ಕನ ಮಗ, ಎರಡೂವರೆ ವರ್ಷದ ಪುಟ್ಟ, ಕಿವಿ ಹಿಡ್ಕೊಂಡು ಬೆಳಗಿನ ತನಕ ಅತ್ತ. ಮೈ ಕೆಂಡದ ಹಾಗೆ ಸುಡ್ತಿತ್ತು. ಬೆಳಿಗ್ಗೆ ಮಕ್ಕಳ ಡಾಕ್ಟರು ಕಿವಿಯೊಳಗೆ ಲೈಟು ಬಿಟ್ಟು ನೋಡಿ, ಬ್ಯಾಕ್ಟೀರಿಯಾ ಸೋಂಕು, ಒಳಗೆ ಕೀವಾಗಿದೆ ಅಂದ್ರು. ಆ್ಯಂಟಿಬಯಾಟಿಕ್ ಸಿರಪ್ ಬರೆದುಕೊಟ್ರು: 5 ಎಂ.ಎಲ್., ದಿನಕ್ಕೆ ಎರಡು ಸಲ, ಏಳು ದಿನ.

ಮೆಡಿಕಲ್ಸ್‌ನಿಂದ ಮೂರು ಪುಟ್ಟ ಬಾಟಲಿ ಬಂತು. ಒಳಗೆ ಸಿರಪ್ಪೇ ಇಲ್ಲ, ತಳದಲ್ಲಿ ಬಿಳೀ ಪುಡಿ. ‘ಇಂಜಿನಿಯರ್‌ಗಳಿದ್ದೀರಲ್ಲಪ್ಪಾ, ನೀವೇ ಕಲಸಿ’ ಅಂತ ಅಜ್ಜಿ ನಮ್ಮ ಕೈಗೆ ಕೊಟ್ರು. ಡಬ್ಬದ ಮೇಲೆ ‘30 ಎಂ.ಎಲ್.’ ಅಂತ ಇತ್ತು. ನಾವು ಅಳತೆ ಮುಚ್ಚಳದಲ್ಲಿ ಸರಿಯಾಗಿ 30 ಎಂ.ಎಲ್. ನೀರು ಅಳೆದು ಹುಯ್ದು, ಕುಲುಕಿ, ಟೇಬಲ್ ಮೇಲೆ ಇಟ್ವಿ. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದ್ರು. ‘ಗೆರೆ ದಾಟ್ತಲ್ರೋ ಮಕ್ಳಾ!’

ಹೌದು, ಬಾಟಲಿ ಮೇಲೊಂದು ಗೆರೆ ಇತ್ತು. ನಮ್ಮ ನೀರು ಅದಕ್ಕಿಂತ ಅರ್ಧ ಬೆರಳು ಮೇಲೆ ನಿಂತಿತ್ತು.

ತಪ್ಪು ಎಲ್ಲಾಯ್ತು ಅಂದ್ರೆ, 30 ಎಂ.ಎಲ್. ಅನ್ನೋದು ಹಾಕಬೇಕಾದ ನೀರಿನ ಲೆಕ್ಕ ಅಲ್ಲ, ಕೊನೆಗೆ ತಯಾರಾಗಬೇಕಾದ ಸಿರಪ್ಪಿನ ಲೆಕ್ಕ. ಪುಡಿಯೂ ಜಾಗ ಹಿಡಿಯುತ್ತೆ. ಮೊದಲ ಸೆಮಿಸ್ಟರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ದ್ರಾವಣ ಮಾಡುವಾಗ ‘ಗುರುತಿನವರೆಗೆ ನೀರು ತುಂಬಿಸಿ’ ಅಂತ ಎಷ್ಟು ಸಲ ಬೈಸಿಕೊಂಡಿದ್ದೀವೋ! ಇಲ್ಲಿ ಬೈಯೋಕೆ ಲೆಕ್ಚರರ್ ಇರಲಿಲ್ಲ, ಅಷ್ಟೆ. ಪುಟ್ಟನ ಬಾಟಲಿಯಲ್ಲಿ ಪ್ರತಿ 5 ಎಂ.ಎಲ್.ಗೆ 200 ಮಿಲಿಗ್ರಾಂ ಅಮಾಕ್ಸಿಸಿಲಿನ್ ಇರಬೇಕು. 30 ಎಂ.ಎಲ್. ಆಗಬೇಕಾದ್ದು 36 ಆಯ್ತು ಅಂತಿಟ್ಕೊಳ್ಳಿ. 200ನ್ನು 30ರಿಂದ ಗುಣಿಸಿ 36ರಿಂದ ಭಾಗಿಸಿದರೆ 167 ಬರುತ್ತೆ. ಅಂದ್ರೆ ಪ್ರತಿ ಹೊತ್ತೂ ಮಗುವಿಗೆ ಆರರಲ್ಲಿ ಒಂದು ಪಾಲು ಔಷಧಿ ಕಮ್ಮಿ. ಡೋಸ್ ಕಮ್ಮಿಯಾದ್ರೆ ಸೋಂಕು ಪೂರ್ತಿ ಅಡಗದೆ ಉಳಿಯಬಹುದು. ನೀರು ಗೆರೆಗಿಂತ ಕೆಳಗೇ ನಿಂತರೆ ಉಲ್ಟಾ ಆಗುತ್ತೆ, ಔಷಧಿ ಗಟ್ಟಿಯಾಗಿ ಡೋಸ್ ಜಾಸ್ತಿ. ಆ ಬಾಟಲಿ ಬಿಸಾಕಿ, ಸ್ಟೇಷನ್ ಕಡೆ ಓಡಿ ಇನ್ನೊಂದು ತಂದ್ವಿ.

ಎರಡನೇ ಸಲ ಕಲಸೋದನ್ನ ಮೆಡಿಕಲ್ಸ್‌ನವರೇ ಹೇಳಿಕೊಟ್ರು. ಮೊದಲು ಬಾಟಲಿಯನ್ನ ಹಾಗೇ ತಟ್ಟಿ ಪುಡಿ ಬಿಡಿಬಿಡಿ ಮಾಡ್ಕೊಬೇಕು. ಕುದಿಸಿ ಪೂರ್ತಿ ಆರಿಸಿದ ನೀರನ್ನ ಗೆರೆಗಿಂತ ಸಾಕಷ್ಟು ಕೆಳಗಿನ ತನಕ ಹಾಕಿ ಚೆನ್ನಾಗಿ ಕುಲುಕಬೇಕು. ನೊರೆ ಇಳಿಯೋವರೆಗೂ ಬಿಡಬೇಕು, ಇಲ್ಲಾಂದ್ರೆ ನೊರೆಯೇ ಗೆರೆ ಮುಟ್ಟಿದ ಹಾಗೆ ಕಾಣುತ್ತೆ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ ಗೆರೆಗೆ ತಂದು ಇನ್ನೊಮ್ಮೆ ಕುಲುಕಬೇಕು. ಕೆಲವು ಕಂಪನಿಯವರು ಡಬ್ಬದೊಳಗೇ ನೀರಿನ ಪುಟ್ಟ ಸೀಸೆ ಇಟ್ಟಿರ್ತಾರೆ, ಅದಿದ್ರೆ ಅದನ್ನೇ ಹಾಕಿ. ಬಿಸಿನೀರು ಬೇಡ, ಬೋರ್‌ವೆಲ್ ನೀರನ್ನ ನೇರ ಹಾಕೋದೂ ಬೇಡ. ಕಲಸೋಕೆ ಧೈರ್ಯ ಬರದಿದ್ರೆ ಅಂಗಡಿಯಲ್ಲೇ ಕಲಸಿಕೊಡಿ ಅಂತ ಕೇಳಿ, ನಾಚಿಕೆ ಏನಿಲ್ಲ. ನಾಲ್ಕು ಜನ ಬಿ.ಇ. ಓದ್ತಿರೋರಿಂದಲೇ ಆಗಲಿಲ್ಲ.

ಈ ತಾಪತ್ರಯ ಯಾಕೆ, ಕಂಪನಿಯವರೇ ನೀರು ಬೆರೆಸಿ ಕೊಡಬಹುದಲ್ವಾ ಅಂತ ನಮಗೂ ಅನ್ನಿಸ್ತು. ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ್ದು. ಅದರ ಅಣುವಿನೊಳಗೆ ಬೀಟಾ-ಲ್ಯಾಕ್ಟಮ್ ಅನ್ನೋ ನಾಲ್ಕು ಮೂಲೆಯ ಉಂಗುರ ಇದೆ. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟೋದನ್ನ ನಿಲ್ಲಿಸೋದು ಈ ಉಂಗುರವೇ. ಬಿಗಿಯಾಗಿ ಬಗ್ಗಿಸಿದ ಸ್ಪ್ರಿಂಗಿನ ಥರ ಇರೋದ್ರಿಂದ ನೀರು ಸೇರಿದ್ರೆ ನಿಧಾನಕ್ಕೆ ಒಡೆಯುತ್ತೆ. ಬಿಸಿ ಇದ್ರೆ ಇನ್ನೂ ಬೇಗ. ಅದಕ್ಕೇ ಅಂಗಡಿಯಲ್ಲಿ ಪುಡಿಯಾಗಿ ಕೂತಿರುತ್ತೆ, ನೀರು ಬಿದ್ದ ದಿನದಿಂದ ಅದರ ಆಯಸ್ಸಿನ ಲೆಕ್ಕ ಶುರು. ಪುಟ್ಟನ ಔಷಧಿಯಲ್ಲಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲವೂ ಇತ್ತು. ಕೆಲವು ಬ್ಯಾಕ್ಟೀರಿಯಾ ಆ ಉಂಗುರವನ್ನ ಕತ್ತರಿಸೋ ಕಿಣ್ವ ಬಿಡ್ತವೆ, ಆ ಕಿಣ್ವವನ್ನ ಕಟ್ಟಿಹಾಕೋಕೆ ಇದು. ಇದಕ್ಕೂ ನೀರು ಅಂದ್ರೆ ಆಗಲ್ಲ. ಹಾಗಾಗಿ ಈ ಸಿರಪ್ಪನ್ನ ಕಲಸಿದ ಮೇಲೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕು, ಫ್ರೀಜರಿನಲ್ಲಿ ಇಡಬಾರದು. ಬೇರೆ ಔಷಧಿಗೆ ಬೇರೆ ಗಡುವು, ಫ್ರಿಜ್ ಬೇಡದವೂ ಇವೆ, ಲೇಬಲ್ ನೋಡಿ. ಕಲಸಿದ ತಾರೀಖನ್ನ ಬಾಟಲಿ ಮೇಲೆ ಪೆನ್ನಿನಲ್ಲಿ ಬರೀರಿ.

ಫ್ರಿಜ್ ಇಲ್ಲದ ಮನೆ? ಕಣಕಟ್ಟೆ, ಜಾವಗಲ್ ಕಡೆಯ ಹಳ್ಳಿಗಳಿಂದ ಮಗು ಎತ್ತಿಕೊಂಡು ಬರೋರು ಇದನ್ನ ಡಾಕ್ಟರಿಗೆ ಮೊದಲೇ ಹೇಳಿಬಿಡೋದು ಒಳ್ಳೇದು, ಆಗ ಹೊರಗಿಟ್ಟರೂ ನಡೆಯೋ ಔಷಧಿ ಸಾಧ್ಯವಾ ಅಂತ ಅವರು ನೋಡ್ತಾರೆ. ಮಣ್ಣಿನ ಮಡಕೆ ಪಕ್ಕ ಇಟ್ರೆ ಸಾಕು ಅಂತ ಒಬ್ರು ಹೇಳಿದ್ರು. ಮಡಕೆ ನೀರು ಆವಿಯಾಗುತ್ತಾ ತಣ್ಣಗಾಗೋದು ನಿಜ, ಆದರೆ ನಮ್ಮ ಬೇಸಿಗೆಯಲ್ಲಿ ಎಷ್ಟೇ ತಣ್ಣಗಾದರೂ 8 ಡಿಗ್ರಿಗೆ ಇಳಿಯಲ್ಲ.

ಇನ್ನು ಅಳತೆ. ಅಜ್ಜಿ ಹಿತ್ತಾಳೆ ಒಳಲೆ ತಂದ್ರು, ಮೂರು ತಲೆಮಾರು ಅದರಲ್ಲೇ ಔಷಧಿ ಕುಡಿದಿದೆಯಂತೆ. ಬಾಯಿಗೆ ಹಾಕೋಕೆ ಒಳಲೆಯಷ್ಟು ಚಂದದ ಸಾಧನ ಇನ್ನೊಂದಿಲ್ಲ, ಒಪ್ಕೊಳ್ತೀವಿ. ಅಳೆಯೋಕೆ ಮಾತ್ರ ಆಗಲ್ಲ. ಅಡುಗೆಮನೆ ಚಮಚದ ಕಥೆಯೂ ಅಷ್ಟೆ. ಗ್ರೀಸ್ ದೇಶದ 25 ಮನೆಗಳ ಚಮಚಗಳನ್ನ ಅಳೆದು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 5 ಎಂ.ಎಲ್. ಹಿಡಿಯಬೇಕಾದ ಟೀ ಚಮಚಗಳು 2.5ರಿಂದ 7.3 ಎಂ.ಎಲ್. ತನಕ ಹಿಡಿದವು! ಒಂದು ಮನೆಯಲ್ಲಿ ಅರ್ಧ ಡೋಸ್, ಇನ್ನೊಂದರಲ್ಲಿ ಹತ್ತಿರತ್ತಿರ ಒಂದೂವರೆ. ನಮ್ಮ ಅರಸೀಕೆರೆ ಮನೆಯ ಡ್ರಾಯರಿನಲ್ಲೂ ಮೂರು ಸೈಜಿನ ಚಮಚ ಇದ್ದವು, ಎಲ್ಲಕ್ಕೂ ಹೆಸರು ಒಂದೇ, ‘ಚಿಕ್ಕ ಚಮಚ’.

ಮೆಡಿಕಲ್ಸ್‌ನಲ್ಲಿ ಸೂಜಿಯಿಲ್ಲದ ಸಿರಿಂಜ್ ಕೆಲವೇ ರೂಪಾಯಿಗೆ ಸಿಗುತ್ತೆ. ಚಿಕ್ಕ ಮಕ್ಕಳಿಗೆ ಅದೇ ಸರಿ. ಅಳತೆ ಮುಚ್ಚಳ ಆದ್ರೆ ಟೇಬಲ್ ಮೇಲಿಟ್ಟು, ಬಗ್ಗಿ, ಕಣ್ಣಿನ ಮಟ್ಟಕ್ಕೆ ತಂದು ಓದಿ. ಮೇಲಿಂದ ನೋಡಿದ್ರೆ ಪ್ಯಾರಲಾಕ್ಸ್ ದೋಷ ಅಂತ ನಾವೇ ರೆಕಾರ್ಡ್ ಬುಕ್ಕಿನಲ್ಲಿ ಬರೆದಿರೋದು. ಪ್ರತಿ ಸಲ ಹಾಕೋಕೆ ಮುಂಚೆ ಬಾಟಲಿ ಕುಲುಕಿ. ಇದು ಸಕ್ಕರೆ ಪಾಕದ ಥರ ಕರಗಿದ ದ್ರಾವಣ ಅಲ್ಲ, ಪುಡಿಯ ಕಣಗಳು ತೇಲಾಡ್ತಿರೋ ಸಸ್ಪೆನ್ಷನ್. ಬಿಟ್ಟರೆ ತಳಕ್ಕೆ ಕೂರುತ್ತೆ. ಕುಲುಕದೆ ಕೊಟ್ರೆ ಮೊದಲ ದಿನಗಳಲ್ಲಿ ಬರೀ ಸಿಹಿನೀರು, ಕೊನೇ ದಿನ ತಳದ ಗಸಿಯೆಲ್ಲ ಒಟ್ಟಿಗೆ.

ಇದಕ್ಕಿಂತ ದೊಡ್ಡ ಅಪಾಯ ಬಾಟಲಿ ಹೆಸರಿನ ಪಕ್ಕದ ಸಂಖ್ಯೆಯಲ್ಲಿದೆ. ಇದೇ ಔಷಧಿ 228.5 ಅಂತಲೂ ಬರುತ್ತೆ, 457 ಅಂತಲೂ ಬರುತ್ತೆ. ಮೊದಲನೇದು 5 ಎಂ.ಎಲ್.ನಲ್ಲಿ 200 ಮಿಲಿಗ್ರಾಂ ಅಮಾಕ್ಸಿಸಿಲಿನ್, 28.5 ಕ್ಲಾವುಲಾನಿಕ್ ಆಮ್ಲ. ಎರಡನೇದು 400 ಮತ್ತು 57, ಅಂದ್ರೆ ಸರಿಯಾಗಿ ಎರಡರಷ್ಟು ಗಟ್ಟಿ. ಬಾಟಲಿ, ಬಣ್ಣ, ವಾಸನೆ ಎಲ್ಲಾ ಹೆಚ್ಚುಕಮ್ಮಿ ಒಂದೇ, ಹೆಸರಿನ ಮುಂದೆ ಫೋರ್ಟೆ ಅಂತಲೋ ಡಿ.ಎಸ್. ಅಂತಲೋ ಸಣ್ಣದಾಗಿ ಇರುತ್ತೆ. 200 ಮಿಲಿಗ್ರಾಂ ಬೇಕಾದ ಮಗುವಿಗೆ ಮೊದಲ ಬಾಟಲಿಯಿಂದ 5 ಎಂ.ಎಲ್., ಎರಡನೇದರಿಂದ 2.5 ಎಂ.ಎಲ್. ಮಾತ್ರ. ಡಾಕ್ಟರು ಮಗುವಿನ ತೂಕ ಮತ್ತು ಕಾಯಿಲೆ ನೋಡಿ ಲೆಕ್ಕ ಹಾಕೋದು ಮಿಲಿಗ್ರಾಂನಲ್ಲಿ. ನಾವು ಮನೆಯಲ್ಲಿ ನೆನಪಿಟ್ಟುಕೊಳ್ಳೋದು ಎಂ.ಎಲ್.ನಲ್ಲಿ. ‘ಬರೆದಿದ್ದು ಇಲ್ಲ, ಅದೇ ಕಂಪನೀದು ಬೇರೆ ಇದೆ’ ಅಂತ ಅಂಗಡಿಯಲ್ಲಿ ಕೊಟ್ರೆ ಅಲ್ಲೇ ನಿಂತು ಕೇಳಿ: ಸ್ಟ್ರೆಂತ್ ಅದೇನಾ, ಎಂ.ಎಲ್. ಎಷ್ಟಾಗುತ್ತೆ? ಪಕ್ಕದ್ಮನೆ ಮಗುವಿಗೂ 5 ಎಂ.ಎಲ್. ಕೊಟ್ಟಿದ್ರು ಅನ್ನೋ ಮಾತು ಯಾವ ಲೆಕ್ಕಕ್ಕೂ ಬರಲ್ಲ. ಆಸ್ಪತ್ರೆಗೆ ಹೋದಾಗ ಮಗುವನ್ನ ತಕ್ಕಡಿ ಮೇಲೆ ನಿಲ್ಲಿಸೋದನ್ನ ಮರೆತಿದ್ರೆ ನೀವೇ ನೆನಪಿಸಿ.

ದಿನಕ್ಕೆ ಎರಡು ಸಲ ಅಂದ್ರೆ ಹನ್ನೆರಡು ಗಂಟೆಗೊಮ್ಮೆ, ಮೂರು ಸಲ ಅಂದ್ರೆ ಸುಮಾರು ಎಂಟು ಗಂಟೆಗೊಮ್ಮೆ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ ಅಂತ ಹತ್ತಿರ ಹತ್ತಿರ ಕೊಟ್ಟು ಮುಗಿಸಿದ್ರೆ ರಾತ್ರಿಯೆಲ್ಲ ರಕ್ತದಲ್ಲಿ ಔಷಧಿ ಸಾಕಾಗಲ್ಲ. ಪುಟ್ಟನಿಗೆ ಬೆಳಿಗ್ಗೆ ಎಂಟು, ರಾತ್ರಿ ಎಂಟು ಅಂತ ಇಟ್ಕೊಂಡ್ವಿ, ಊಟ ಶುರು ಮಾಡುವಾಗ. ಈ ಔಷಧಿ ಹಾಗೆ ಕೊಟ್ರೆ ಹೊಟ್ಟೆ ಕೆಡೋದು ಕಮ್ಮಿ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ, ಮುಂದಿನದಕ್ಕೆ ಹೊತ್ತು ಹತ್ತಿರ ಬಂದಿದ್ರೆ ಬಿಟ್ಟುಬಿಡಿ. ಎರಡು ಡೋಸ್ ಒಟ್ಟಿಗೆ ಬೇಡ.

ಕುಡಿಸೋದೇ ದೊಡ್ಡ ಯುದ್ಧ. ಮೊದಲ ಸಲ ಅರ್ಧ ನಮ್ಮ ಅಂಗಿಗೆ ಬಂತು. ಮೂಗು ಹಿಡಿದು, ಮಲಗಿಸಿ, ಬಾಯಿಗೆ ಸುರಿಯೋದು ಹಳೇ ಪದ್ಧತಿ. ಅಳ್ತಿರೋ ಮಗುವಿನ ಉಸಿರುನಾಳಕ್ಕೆ ಹೋದ್ರೆ ಕಷ್ಟ. ಅಕ್ಕ ಅವನನ್ನ ತೊಡೆ ಮೇಲೆ ನೆಟ್ಟಗೆ ಕೂರಿಸ್ಕೊಂಡು, ಸಿರಿಂಜಿನ ತುದಿಯನ್ನ ಕೆನ್ನೆಯ ಒಳಪಕ್ಕಕ್ಕೆ ಇಟ್ಟು, ಚೂರು ಚೂರೇ ಬಿಟ್ಟು, ನುಂಗಿದ ಮೇಲೆ ಇನ್ನೊಂದು ಚೂರು ಬಿಟ್ರು. ಆಮೇಲೆ ಎರಡು ಗುಟುಕು ನೀರು. ಲೋಟ ತುಂಬ ಹಾಲಿಗೆ ಬೆರೆಸಬೇಡಿ, ಮಗು ಅರ್ಧ ಬಿಟ್ರೆ ಔಷಧಿ ಎಷ್ಟು ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ವರ್ಷ ತುಂಬದ ಕೂಸಿಗೆ ಜೇನುತುಪ್ಪದಲ್ಲಿ ಕಲಸಿ ಕೊಡೋದಂತೂ ಬೇಡವೇ ಬೇಡ. ಕೊಟ್ಟ ತಕ್ಷಣ ವಾಂತಿ ಆದ್ರೆ ಮತ್ತೆ ಕೊಡಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ.

ಸ್ವಲ್ಪ ಭೇದಿ ಆಗೋದು ಇದರಲ್ಲಿ ಮಾಮೂಲು. ಆದರೆ ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸ್ ನಿಲ್ಲಿಸಿ ಡಾಕ್ಟರನ್ನ ಕೇಳಿ. ತುಟಿ, ಮುಖ ಊದಿದ್ರೆ, ಉಸಿರಾಟ ಸುಂಯ್ ಅಂದ್ರೆ 108ಕ್ಕೆ ಫೋನ್ ಮಾಡಿ. ಔಷಧಿ ಶುರುವಾಗಿ ಎರಡು-ಮೂರು ದಿನವಾದ್ರೂ ಜ್ವರ ಇಳಿಯದಿದ್ರೆ ಮತ್ತೆ ತೋರಿಸಿ. ಮಗು ಏನೂ ಕುಡೀತಿಲ್ಲ, ಎಬ್ಬಿಸಿದ್ರೂ ಏಳ್ತಿಲ್ಲ, ಫಿಟ್ಸ್ ಬಂತು, ಉಸಿರಾಡುವಾಗ ಪಕ್ಕೆ ಒಳಗೆ ಸೆಳೀತಿದೆ ಅಂದ್ರೆ ಎರಡು ದಿನ ಕಾಯೋ ಮಾತೇ ಇಲ್ಲ, ತಕ್ಷಣ ತಾಲ್ಲೂಕು ಆಸ್ಪತ್ರೆ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೆ, ಮನೆಯಲ್ಲಿ ಸಿರಪ್ ಹುಡುಕ್ತಾ ಕೂರಬೇಡಿ.

ಮೂರನೇ ದಿನ ಪುಟ್ಟ ಅಂಗಳದಲ್ಲಿ ತೆಂಗಿನ ಗರಿ ಎಳ್ಕೊಂಡು ಓಡ್ತಿದ್ದ. ಮೊದಲ ಬಾಟಲಿಯೂ ಅವತ್ತೇ ಖಾಲಿ. ‘ಬಾಟ್ಲಿನೂ ಮುಗೀತು, ಮಗುನೂ ಹುಷಾರಾಯ್ತು, ಇನ್ಯಾಕೆ?’ ಅಂದ್ರು ಅಜ್ಜಿ. ಎಷ್ಟೋ ಮನೆಗಳಲ್ಲಿ ಔಷಧಿ ನಿಲ್ಲೋದು ಇಲ್ಲೇ ಅಂತ ಕಾಣುತ್ತೆ. ದಿನಕ್ಕೆ 10 ಎಂ.ಎಲ್., ಏಳು ದಿನಕ್ಕೆ 70. ಒಂದು ಬಾಟಲಿಯಲ್ಲಿ ಇರೋದು 30. ಅದಕ್ಕೇ ಮೂರು ಬಾಟಲಿ ಕೊಟ್ಟಿದ್ದು. ಮೂರನ್ನೂ ಒಂದೇ ದಿನ ಕಲಸಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. ಎಷ್ಟು ದಿನ ಅನ್ನೋದು ಕಾಯಿಲೆ ಮೇಲೆ, ವಯಸ್ಸಿನ ಮೇಲೆ ಹೋಗುತ್ತೆ. ಕಿವಿಗೆ ಒಂದು ಲೆಕ್ಕ, ಟೈಫಾಯ್ಡಿಗೆ ಇನ್ನೊಂದು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗಂಟಲು ನೋವಿಗೆ ಅಮಾಕ್ಸಿಸಿಲಿನ್ ಹತ್ತು ದಿನ ಕೊಡೋದು ವಾಡಿಕೆ, ಸರಿಯಾಗಿ ವಾಸಿಯಾಗದಿದ್ರೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗೋ ಭಯ ಇದೆ. ಬೇಗ ನಿಲ್ಲಿಸಬಹುದಾ ಅಂತ ಬೇಕಾದ್ರೆ ಡಾಕ್ಟರನ್ನೇ ಕೇಳಬೇಕು. ಗರಿ ಎಳ್ಕೊಂಡು ಓಡೋ ಮಗುವನ್ನ ನೋಡಿ ನಾವು ತೀರ್ಮಾನ ಮಾಡೋದಲ್ಲ.

ಡಬ್ಬದ ಮೇಲೆ ಇನ್ನೊಂದು ಗೆರೆ ಇತ್ತು, ಉದ್ದಕ್ಕೆ, ಕೆಂಪು ಬಣ್ಣದ್ದು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು, ತಗೋಬಾರದು ಅಂತ ಅದರ ಅರ್ಥ. ಜನ ಇದನ್ನ ಗುರುತಿಸಲಿ ಅಂತ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತ್ತು. ನೆಗಡಿ ಮತ್ತು ಸಾಮಾನ್ಯ ಕೆಮ್ಮು ಬರೋದು ಹೆಚ್ಚಾಗಿ ವೈರಸ್‌ನಿಂದ. ವೈರಸ್‌ಗೆ ಬ್ಯಾಕ್ಟೀರಿಯಾದ ಥರದ ಗೋಡೆಯೇ ಇಲ್ಲ, ಉಂಗುರ ಹೋಗಿ ಏನು ಒಡೆಯುತ್ತೆ? ಸುಮ್ಮನೆ ಕೊಟ್ಟ ಪ್ರತಿ ಡೋಸೂ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗೆ ಔಷಧಿಯ ಪರಿಚಯ ಮಾಡಿಸುತ್ತೆ, ತಡೆದುಕೊಂಡವು ಬೆಳೀತವೆ. ಹೀಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ತೀರಿಕೊಂಡರು ಅಂತ ಲ್ಯಾನ್ಸೆಟ್ ಪತ್ರಿಕೆಯ ಅಂದಾಜು.

ಏಳನೇ ದಿನದ ರಾತ್ರಿ ನಾವು ಹಾಸ್ಟೆಲ್‌ನಲ್ಲಿದ್ವಿ. ಅಕ್ಕ ಫೋನ್ ಮಾಡಿದ್ರು. ಕೊನೇ ಡೋಸ್ ಆಯ್ತಂತೆ. ಮೂರನೇ ಬಾಟಲಿಯಲ್ಲಿ 20 ಎಂ.ಎಲ್. ಉಳಿದಿತ್ತು, ಪಕ್ಕದ ಮನೆಯವರು ತಮ್ಮ ಮಗಳಿಗೆ ಶೀತ, ಅದನ್ನೇ ಕೊಡಿ ಅಂತ ಕೇಳಿಕೊಂಡು ಬಂದಿದ್ರಂತೆ. ಕೊಡದೆ ಇರೋದು ಹೇಗೆ ಅಂತ ಅಕ್ಕನಿಗೆ ಸಂಕೋಚ. ಅಷ್ಟರಲ್ಲಿ ಅಜ್ಜಿ ಬಾಟಲಿ ಇಸ್ಕೊಂಡು, ಕಾಫಿ ಚರಟದ ಮೇಲೆ ಸುರಿದು, ಕವರಿಗೆ ಕಟ್ಟಿ ಕಸದ ಡಬ್ಬಕ್ಕೆ ಹಾಕಿ, ಪಕ್ಕದ ಮನೆಯವರಿಗೆ ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ ಅಂತ ಹೇಳಿ ಕಳಿಸಿದ್ರಂತೆ.